ಮೇಷ್ಟ್ರ ಪುರುಸೊತ್ತು ಮತ್ತು 6174

📌 ಭಾಗ 1/3

ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಮೇಷ್ಟ್ರುಗಳು ಏನ್ಮಾಡ್ತಾರೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?

ಬ್ಯಾಗಲ್ಲಿ ತಿದ್ದಬೇಕಾದ ಪೇಪರ್ ಕಟ್ಟು. ಸೋಮವಾರದ ಪಾಠಕ್ಕೆ ತಯಾರಿ. ಕೆಲವು ಸಲ ಮತದಾರರ ಪಟ್ಟಿ, ಗಣತಿ ಕೆಲಸ ಬೇರೆ. ಇದರ ಮೇಲೆ ಮನೆ. ಇಷ್ಟೆಲ್ಲ ಕಳೆದು ಕೈಗೆ ಸಿಗೋದು ಚೂರುಪಾರು ಸಮಯ. "ವೀಕೆಂಡನ್ನ ಪ್ರೊಡಕ್ಟಿವ್ ಆಗಿ ಕಳೆಯೋದು ಹೇಗೆ" ಅನ್ನೋ ರೀಲ್ಸ್ ನೋಡೋಕೂ ಅವರಿಗೆ ಪುರುಸೊತ್ತು ಇರಲ್ಲ.

ಆದರೆ ಇಂಥದ್ದೇ ಚೂರುಪಾರು ಸಮಯದಲ್ಲಿ ಕೆಲಸ ಮಾಡಿ, ಜಗತ್ತಿನ ಗಣಿತದ ಪುಸ್ತಕಗಳಲ್ಲಿ ಹೆಸರು ಉಳಿಸಿಕೊಂಡ ಒಬ್ಬ ಶಾಲಾ ಮೇಷ್ಟ್ರು ನಮ್ಮ ದೇಶದಲ್ಲೇ ಇದ್ದರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ಹುಟ್ಟಿದ್ದು 1905ರಲ್ಲಿ, ಮಹಾರಾಷ್ಟ್ರದ ಡಹಾಣುವಿನಲ್ಲಿ. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದುವಾಗಲೇ, 1927ರಲ್ಲಿ, ಸ್ವಂತ ಗಣಿತದ ಕೆಲಸಕ್ಕೆ ಪರಾಂಜಪೆ ಬಹುಮಾನ ಬಂತು. 1929ರಲ್ಲಿ ಡಿಗ್ರಿ ಮುಗೀತು. ಅಲ್ಲಿಗೆ ಓದು ನಿಂತಿತು. ಎಂಎಸ್ಸಿ ಇಲ್ಲ, ಪಿಎಚ್‌ಡಿ ಇಲ್ಲ. 1930ರಲ್ಲಿ ನಾಸಿಕ್ ಹತ್ತಿರದ ದೇವಳಾಲಿ ಎಂಬ ಊರಿನಲ್ಲಿ ಶಾಲಾ ಶಿಕ್ಷಕರಾದರು. 1962ರಲ್ಲಿ ರಿಟೈರ್ ಆಗುವವರೆಗೆ, ಅಂದ್ರೆ 32 ವರ್ಷ, ಅದೇ ಕೆಲಸ.

ಲ್ಯಾಬ್ ಇಲ್ಲ, ಗೈಡ್ ಇಲ್ಲ, ಗ್ರಾಂಟ್ ಇಲ್ಲ. ಮತ್ತೆ ಏನಿತ್ತು? 👉

📌 ಭಾಗ 2/3

ಪೆನ್ಸಿಲ್ ಇತ್ತು, ಕಾಗದ ಇತ್ತು, ಅಂಕಿಗಳ ಹುಚ್ಚು ಇತ್ತು.

ಈಗ ನೀವೂ ಒಂದು ಪೆನ್ ತಗೊಳ್ಳಿ. ನಾಲ್ಕು ಅಂಕಿಯ ಯಾವುದಾದ್ರೂ ಸಂಖ್ಯೆ ಬರೆಯಿರಿ (ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೆ). ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನ ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ.

ಮೇಷ್ಟ್ರು ರಿಟೈರ್ ಆದ ವರ್ಷವನ್ನೇ ಹಾಕೋಣ, 1962:
9621 − 1269 = 8352
8532 − 2358 = 6174

ಈ 6174ಕ್ಕೆ ಮತ್ತೆ ಮಾಡಿದ್ರೆ? 7641 − 1467 = 6174. ಅಲ್ಲೇ ಸಿಕ್ಕಿಹಾಕಿಕೊಳ್ತೀರಿ! ಯಾವ ಸಂಖ್ಯೆ ಹಾಕಿದ್ರೂ ಹೆಚ್ಚು ಅಂದ್ರೆ 7 ಸಲ ಕಳೆಯುವಷ್ಟರಲ್ಲಿ ಇಲ್ಲಿಗೇ ಬಂದು ನಿಲ್ಲುತ್ತೆ. ಅವರು ಹುಟ್ಟಿದ 1905 ಹಾಕಿ ನೋಡಿ, ಪೂರ್ತಿ 7 ಸಲ ಕಳೀಬೇಕಾಗುತ್ತೆ. ನಡುವೆ ಸೊನ್ನೆ ಬಂದ್ರೆ ಅದನ್ನೂ ಅಂಕಿ ಅಂತಲೇ ಲೆಕ್ಕ ಹಿಡೀಬೇಕು.

ಇದನ್ನ ಅವರು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ಇವತ್ತು 6174ಕ್ಕೆ ಕಾಪ್ರೇಕರ್ ಸ್ಥಿರಾಂಕ ಅಂತಲೇ ಹೆಸರು.

ಇಷ್ಟೇ ಅಲ್ಲ. 45ರ ವರ್ಗ 2025. ಅದನ್ನ ಮುರಿದು ಕೂಡಿ, 20 + 25 = 45. ಇಂಥವು ಕಾಪ್ರೇಕರ್ ಸಂಖ್ಯೆಗಳು. ತನ್ನದೇ ಅಂಕಿಗಳ ಮೊತ್ತದಿಂದ ಸರಿಯಾಗಿ ಭಾಗವಾಗುವ ಸಂಖ್ಯೆಗೆ ಅವರಿಟ್ಟ ಹೆಸರು ಹರ್ಷದ, ಅಂದ್ರೆ ಖುಷಿ ಕೊಡುವಂಥದ್ದು. ಇನ್ನೊಂದು ಬಗೆಯ ಸಂಖ್ಯೆಗಳಿಗೆ ತಾವು ಪಾಠ ಮಾಡುತ್ತಿದ್ದ ಊರಿನ ಹೆಸರನ್ನೇ ಇಟ್ಟು ದೇವಳಾಲಿ ಸಂಖ್ಯೆ ಅಂದರು. ಮತ್ತೊಂದು ಬಗೆಯದ್ದು ಹೊಳೆದದ್ದು ಮುಂಬೈ ಹತ್ತಿರದ ಡೊಂಬಿವಲಿ ರೈಲ್ವೆ ಸ್ಟೇಷನ್ನಿನಲ್ಲಿ. ಆಗ ಆ ಸ್ಟೇಷನ್ನಿಗೆ ಡೆಮ್ಲೋ ಅನ್ನುತ್ತಿದ್ದರು, ಹಾಗಾಗಿ ಅವು ಡೆಮ್ಲೋ ಸಂಖ್ಯೆಗಳಾದವು.

ಗಮನಿಸಿ: ಸ್ಟೇಷನ್ನಿನಲ್ಲಿ ನಿಂತಾಗಲೂ ಮಾಡಬಹುದಾದ ಕೆಲಸ ಇದು. ಅರ್ಧ ಗಂಟೆ ಸಿಕ್ಕರೆ ಅರ್ಧ ಗಂಟೆ, ಬಿಟ್ಟ ಕಡೆಯಿಂದ ಮತ್ತೆ ಶುರು. 👉

📌 ಭಾಗ 3/3

ಕಥೆ ಇಲ್ಲಿಗೇ ಮುಗಿಸಿದ್ರೆ ಇದೂ ಒಂದು ಮೋಟಿವೇಶನ್ ಪೋಸ್ಟ್ ಆಗಿಬಿಡುತ್ತೆ. ಮುಂದಿನದ್ದೂ ಓದಿ.

ಆ ಕಾಲದ ಎಷ್ಟೋ ಗಣಿತಜ್ಞರು ಇದನ್ನ ಮಕ್ಕಳಾಟ ಅಂತ ನಕ್ಕರು. ಕೆಲವು ಬರಹ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬಂದವು. ಉಳಿದವನ್ನ ಅವರೇ ಕಿರುಪುಸ್ತಕಗಳಾಗಿ ಅಚ್ಚು ಹಾಕಿಸಿದರು. ರಿಟೈರ್ ಆದ ಮೇಲೆ, 1966ರಲ್ಲಿ ಹೆಂಡತಿ ತೀರಿಕೊಂಡರು. ಪೆನ್ಷನ್ ಸಾಲದೆ ಟ್ಯೂಷನ್ ಹೇಳಿ ಜೀವನ ನಡೆಸಬೇಕಾಯಿತು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ದೇಶ ದೇಶಗಳಲ್ಲಿ ಹರಡಿತು. ಆಗ ಅವರಿಗೆ 70 ವರ್ಷ. 1986ರಲ್ಲಿ ತೀರಿಕೊಂಡರು.

ನಮ್ಮ ಬಿಕಾಂ ಲೆಕ್ಕದಲ್ಲಿ ನೋಡಿದ್ರೆ ಇದು ಲಾಸ್. ಹಾಕಿದ್ದು ಒಂದು ಜೀವಮಾನದ ಬಿಡುವು, ಬಂದದ್ದು ಹೆಚ್ಚು ಕಡಿಮೆ ಸೊನ್ನೆ. ಹಾಗಾದ್ರೆ ಅವರ ರಜೆಗಳು ದಂಡವಾದವಾ? ನನಗಂತೂ ಹಾಗನ್ನಿಸಲ್ಲ. ಆ ಲೆಕ್ಕಗಳನ್ನ ಯಾರೂ ಅವರಿಗೆ ಹೋಂವರ್ಕ್ ಕೊಟ್ಟಿರಲಿಲ್ಲ. ಮಾರ್ಕ್ಸ್, ಪ್ರಮೋಷನ್, ಫಾಲೋವರ್ಸ್ ಯಾವುದೂ ಗುರಿಯಲ್ಲ. ದಿನವಿಡೀ ಬೇರೆಯವರ ಮಕ್ಕಳಿಗೆ ಪಾಠ ಹೇಳುವ ಮನುಷ್ಯನಿಗೆ ತನ್ನದೇ ಅಂತ ಒಂದು ಕೆಲಸ ಇತ್ತು, ಅದರಲ್ಲಿ ಹರ್ಷ ಇತ್ತು. ನಾವು ಪ್ರೊಡಕ್ಟಿವ್ ಅನ್ನೋ ಪದದಿಂದ ಮೊದಲು ಬಿಟ್ಟುಬಿಡೋದೇ ಅದನ್ನ.

ಇದರಲ್ಲಿ ನಮ್ಮ ಪಾಲೂ ಇದೆ. ಭಾನುವಾರ ರಾತ್ರಿ ಹನ್ನೊಂದಕ್ಕೆ ಕ್ಲಾಸ್ ಗ್ರೂಪಲ್ಲಿ "ಸರ್, ಇಂಟರ್ನಲ್ಸ್ ಯಾವಾಗ?" ಅಂತ ಹಾಕ್ತೀವಲ್ಲ, ಅದು ಸೋಮವಾರದವರೆಗೂ ಕಾಯಬಹುದು. ಅವರು ಅಲ್ಲಿ ಸೊಪ್ಪು ಬೆಳೀತಿರಬಹುದು, ಹಾರ್ಮೋನಿಯಂ ಕಲೀತಿರಬಹುದು, ಸುಮ್ಮನೆ ಮಲಗಿರಲೂಬಹುದು. ಅದು ಅವರ ಸಮಯ.

ನಿಮ್ಮ ಸ್ಕೂಲಿನ ಯಾವ ಟೀಚರ್‌ಗೆ ಪಾಠದ ಆಚೆ ಒಂದು ಹುಚ್ಚು ಇತ್ತು? ಏನದು? ಕಾಮೆಂಟಲ್ಲಿ ಹೇಳಿ. ಜೊತೆಗೆ ನೀವು ಹುಟ್ಟಿದ ವರ್ಷ ಎಷ್ಟು ಸಲಕ್ಕೆ 6174 ತಲುಪಿತು ಅಂತಾನೂ. ✏️

#ಇತಿಹಾಸ #ಕಾಪ್ರೇಕರ್ #6174 #ನಮ್ಮಮೇಷ್ಟ್ರು