ನಾಡಿಯಿಂದ ಹೃದಯರೇಖೆಗೆ

ಕೈಹಿಡಿದು ನಾಡಿ ನೋಡುವ ಕ್ರಮವನ್ನು ಶಾರ್ಙ್ಗಧರಸಂಹಿತೆಯು ಹೇಳಿರುವುದು. ಹೃದಯದ ವಿದ್ಯುತ್ತು ರೇಖೆಯಾಗಿ ಮೂಡುವ ಬಗೆಯನ್ನರಿತ ಹಾಲೆಂಡಿನ ಐಂಥೋವನ್ನನಿಗೆ 1924ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಮೆರಿಕದ ಹೋಲ್ಟರನು 1940ರ ದಶಕದಲ್ಲಿ ಆ ಯಂತ್ರವನ್ನು ಮನುಷ್ಯನ ಬೆನ್ನಿಗೇರಿಸಿದನು. ಭಾರ ಸುಮಾರು 38 ಕಿಲೋ, ಅರೆಮೂಟೆ ಕಾಫಿಗೂ ಮಿಗಿಲು! ಇಂದು ಅದು ಕೈಗಡಿಯಾರದೊಳಗೆ ಅಡಗಿರುವುದು.

2023ರಲ್ಲಿ ಕರ್ನಾಟಕ ಸರಕಾರವು ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಆರಂಭಿಸಿತು. ಅಲ್ಲಿ ತೆಗೆದ ರೇಖೆಯನ್ನು ಕೃತಕ ಬುದ್ಧಿಯು ಕೆಲವೇ ನಿಮಿಷಗಳಲ್ಲಿ ಓದಬೇಕು. ದೂರದ ತಜ್ಞರು ಒಪ್ಪಿದೊಡನೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಬೇಕು. ಏರ್ಪಾಡು ಶ್ಲಾಘ್ಯವೇ. ಆದರೂ 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಮರಣಗಳು ನಾಡನ್ನೇ ಕಂಗೆಡಿಸಿದವು. ಕಾರಣವನ್ನರಿಯಲು ಸರಕಾರವು ತಜ್ಞರ ಸಮಿತಿಯನ್ನು ನೇಮಿಸಿತು. ಗಣಕವು ಎಣಿಸುವ ನಿಮಿಷಗಳು ಆಸ್ಪತ್ರೆಯ ಬಾಗಿಲಿನಿಂದ ಮೊದಲಾಗುವುವು. ಬೆಳಗೋಡಿನ ತೋಟದ ಮನೆಯಿಂದ ಸಕಲೇಶಪುರವನ್ನು ಮುಟ್ಟುವ ಹೊತ್ತು ಆ ಲೆಕ್ಕದಲ್ಲಿ ಸೇರಿಲ್ಲ.