ಕುಮಟೆಗೆ ಇಳಿದ ದಾರಿಗಳು

ಮುಂಡಗೋಡ ತಾಲೂಕಿನ ಇಂದೂರ ಅರೆಮಲೆನಾಡಿನ ಊರು. ಅಲ್ಲಿಂದ ಕಡಲು ಕಾಣದು. ಆದರೂ ಈ ಸೀಮೆಯವರಿಗೆ ಕಡಲು ಅಪರಿಚಿತವಲ್ಲ. ತಡಸದಿಂದ ಮುಂಡಗೋಡ, ಶಿರಸಿಗಳನ್ನು ಹಾದು ದೇವಿಮನೆ ಘಟ್ಟವನ್ನಿಳಿದರೆ ಕುಮಟಾ. ಬಂದರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಡಗುಗಳಿಂದ ಆರಂಭಿಸುತ್ತಾರೆ. ಉತ್ತರ ಕನ್ನಡದ ಬಂದರುಗಳ ಚರಿತ್ರೆಯನ್ನು ಘಟ್ಟದ ಮೇಲಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ. ಬಂದರನ್ನು ಬದುಕಿಸಿದ್ದು ಅದರ ಬೆನ್ನಿಗಿದ್ದ ದಾರಿ. ದಾರಿ ತಿರುಗಿದಾಗ ಊರೂ ಸೊರಗಿದೆ.

ಇದಕ್ಕೆ ಹಳೆಯ ನಿದರ್ಶನ ಗೇರುಸೊಪ್ಪೆ. ಹದಿನಾರನೆಯ ಶತಮಾನದಲ್ಲಿ ಘಟ್ಟದ ಕಾಳುಮೆಣಸು ಇಲ್ಲಿಗಿಳಿದು, ಶರಾವತಿಯಲ್ಲಿ ದೋಣಿಯೇರಿ ಹೊನ್ನಾವರವನ್ನು ಸೇರುತ್ತಿತ್ತು. ಸಾಳುವ ಮನೆತನದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದಿಂದಲೇ. ಭಟ್ಕಳ ಬಂದರಿನ ಬೆನ್ನಿಗಿದ್ದ ಹಾಡುವಳ್ಳಿಯೂ ಅಂತಹುದೇ ನೆಲೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನ ಗುರುಪರಂಪರೆ ಆ ಹಾಡುವಳ್ಳಿಯ ಮಠದ್ದು. ವ್ಯಾಪಾರದ ದಾರಿಯಲ್ಲಿ ಶಾಸ್ತ್ರವೂ ನಡೆದಿತ್ತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಕೆಳದಿ ನಾಯಕರ ಇಕ್ಕೇರಿಗೆ ಹೋದನು. ಆ ವೇಳೆಗೆ ಗೇರುಸೊಪ್ಪೆ ಕೆಳದಿಯವರ ವಶವಾಗಿ, ವೈಭವದ ನಗರ ಪಾಳುಬಿದ್ದಿತ್ತು. ದಾರಿ ಉಳಿಯಿತು, ನಗರ ಅಳಿಯಿತು. ಇಂದು ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ನಾಲ್ಕು ದಿಕ್ಕಿನಿಂದಲೂ ಜನ ಬರುತ್ತಿದ್ದ ಊರೊಂದು ಅದರ ಸುತ್ತ ಇತ್ತೆಂಬುದನ್ನು ನೋಡುವವರು ಕಲ್ಪಿಸಿಕೊಳ್ಳಬೇಕಾಗಿದೆ.

ಕುಮಟೆಯ ಏಳ್ಗೆ ಹತ್ತೊಂಬತ್ತನೆಯ ಶತಮಾನದ್ದು. ಮೆಣಸಿನ ಸ್ಥಾನಕ್ಕೆ ಈಗ ಹತ್ತಿ ಬಂದಿತು. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಅರಳೆ ಹೇರೆತ್ತುಗಳ ಬೆನ್ನೇರಿ, ಮುಂದೆ ಚಕ್ಕಡಿಗಳಲ್ಲಿ, ಘಟ್ಟವಿಳಿದು ಕುಮಟೆಯಿಂದ ಮುಂಬಯಿಗೆ ಹೋಗುತ್ತಿತ್ತು. ಹಿಂದಿರುಗುವ ಎತ್ತುಗಳು ಸಾಣಿಕಟ್ಟೆಯ ಉಪ್ಪನ್ನೂ ತೆಂಗನ್ನೂ ಹೊತ್ತು ಬಯಲುಸೀಮೆಗೆ ಏರುತ್ತಿದ್ದವು. ವಿದೇಶದ ಮಾರುಕಟ್ಟೆಯಲ್ಲಿ ಆ ಅರಳೆಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ; ಬೆಳೆದ ಹೊಲದ ಹೆಸರು ಮರೆಯಾಗಿ, ಇಳಿದ ಬಂದರಿನ ಹೆಸರು ಉಳಿಯಿತು. ದಾರಿಯ ಮಹತ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಇಂಗ್ಲೆಂಡಿನ ಗಿರಣಿಗಳು ಅರಳೆಗಾಗಿ ಭಾರತದತ್ತ ತಿರುಗಿದವು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಕರಾವಳಿಯೂ ಒಂದೇ ಆಡಳಿತಕ್ಕೆ ಬಂದವು. ಘಟ್ಟದ ರಸ್ತೆಗಳ ಕೆಲಸಕ್ಕೆ ವೇಗ ದೊರೆಯಿತು. ಎಲ್ಲೋ ನಡೆದ ಯುದ್ಧ ನಮ್ಮ ಮಲೆನಾಡಿನ ದಾರಿಯನ್ನು ಅಗಲಗೊಳಿಸಿತು.

ಆ ಭಾಗ್ಯ ಬಹುಕಾಲ ನಿಲ್ಲಲಿಲ್ಲ. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವೆಗೆ ರೈಲು ಹರಿಯಿತು. ಅರಳೆ ರೈಲನ್ನೇರಿತು, ಚಕ್ಕಡಿಗಳ ಸಾಲು ತೆಳುವಾಯಿತು. ಕಡಲು ಇದ್ದಲ್ಲಿಯೇ ಇತ್ತು, ಕುಮಟೆಯೂ ಇದ್ದಲ್ಲಿಯೇ ಇತ್ತು. ಬದಲಾದದ್ದು ದಾರಿ ಮಾತ್ರ. ಕುಮಟೆಗೆ ರೈಲು ಬರಲು ಮತ್ತೊಂದು ಶತಮಾನ ಕಳೆದು ಕೊಂಕಣ ರೈಲ್ವೆಯೇ ಆಗಬೇಕಾಯಿತು. ಅದಾದರೂ ಕರಾವಳಿಯ ಉದ್ದಕ್ಕೆ ಸಾಗುವ ಮಾರ್ಗ, ಘಟ್ಟವನ್ನೇರುವುದಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಗದದ ಮೇಲಿದೆ.

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಇಂದಿಗೂ ಮಳೆಗಾಲದಲ್ಲಿ ದೇವಿಮನೆಯ ತಿರುವುಗಳಲ್ಲಿ ಮಣ್ಣು ಕುಸಿದರೆ ಈ ಅಂತರ ಎಷ್ಟೋ ಪಟ್ಟು ಹಿಗ್ಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜರಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ದಾರಿ ಬೇಕು, ನಿಜ. ಗುಡ್ಡವನ್ನು ಎಷ್ಟು ಕಡಿಯಬಹುದು ಎಂಬ ವಿವೇಕವೂ ಅಷ್ಟೇ ಬೇಕು. ಹೇರೆತ್ತಿನ ಕಾಲದ ಹಾದಿ ಬೆಟ್ಟದ ಮೈಯನ್ನನುಸರಿಸಿ ಸಾಗುತ್ತಿತ್ತು. ನಮ್ಮ ಕಾಲದ ಹೆದ್ದಾರಿ ಬೆಟ್ಟವೇ ತನ್ನನ್ನು ಅನುಸರಿಸಲಿ ಎನ್ನುತ್ತದೆ.

ಜೈನ ಪರಂಪರೆಯಲ್ಲಿ ತೀರ್ಥವೆಂದರೆ ಮೂಲತಃ ಹೊಳೆ ದಾಟುವ ಎಡೆ. ದಾಟಿಸುವ ದಾರಿಯನ್ನು ಕಟ್ಟಿದವನೇ ತೀರ್ಥಂಕರ. ದಾರಿ ಮಾಡುವುದು ಪುಣ್ಯಕಾರ್ಯವೆನಿಸಿದ್ದು, ನಡೆಯುವವನು ಸುಖವಾಗಿ ಆಚೆಯ ದಡ ಸೇರಲೆಂದು. ಘಟ್ಟದ ರಸ್ತೆಗಳನ್ನು ಅಗಲಿಸುವ ನಾವು ಈ ಅರ್ಥವನ್ನು ನೆನಪಿಡುವುದೊಳ್ಳೆಯದು.