ಬಸುರಿನ ಗೈರುಹಾಜರಿ

ಕನ್ನಂಬಾಡಿ ಕಟ್ಟೆಯ ಚರಿತ್ರೆಯನ್ನು ನಾವು ಮಹಾರಾಜರ ಹೆಸರಿನಲ್ಲಿ, ಎಂಜಿನಿಯರರ ಹೆಸರಿನಲ್ಲಿ ಓದಿಕೊಂಡು ಬಂದಿದ್ದೇವೆ. 1911ರಲ್ಲಿ ಶುರುವಾಗಿ ಎರಡು ದಶಕ ನಡೆದ ಆ ಕೆಲಸದಲ್ಲಿ ಕಲ್ಲು, ಸುರ್ಕಿ ಗಾರೆ ಹೊತ್ತವರಲ್ಲಿ ಹೆಂಗಸರೂ ಇದ್ದರು. ಇಪ್ಪತ್ತು ವರ್ಷವೆಂದರೆ ಅಷ್ಟರಲ್ಲಿ ಎಷ್ಟು ಬಸುರು, ಎಷ್ಟು ಬಾಣಂತನ ಆಗಿರಬೇಡ! ಕೂಲಿ ಮಾತ್ರ ದಿನದ ಲೆಕ್ಕ. ಬಂದ ದಿನಕ್ಕೆ ಉಂಟು, ಬಾರದ ದಿನಕ್ಕೆ ಇಲ್ಲ. ಮೈಸೂರು ಸಂಸ್ಥಾನದಲ್ಲಿ ಹೆರಿಗೆ ಭತ್ಯೆಗೆಂದೇ ಒಂದು ಕಾಯ್ದೆ ಬಂದದ್ದು 1937ರಲ್ಲಿ, ಕಟ್ಟೆಯ ಕೆಲಸ ಮುಗಿದ ಮೇಲೆ.

ಹೆರಿಗೆ ರಜೆಯ ಮಾತು ಬಂದಾಗ ಎಲ್ಲರೂ ಹೇಳುವುದು ಅದರ ಉದ್ದವನ್ನು: ಮೊದಲು 12 ವಾರ, 2017ರ ತಿದ್ದುಪಡಿಯಿಂದ 26 ವಾರ. ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ದಿನಗಳು. ಎರಡು-ಮೂರನೇ ತಿಂಗಳಲ್ಲಿ ಗುಟುಕು ನೀರೂ ನಿಲ್ಲದ ವಾಂತಿ, ಕಾಲು ಊತ, ಏರಿದ ಬಿ.ಪಿ., 'ಹಾಸಿಗೆ ಬಿಟ್ಟು ಏಳಬೇಡಮ್ಮ' ಎಂಬ ಡಾಕ್ಟರ ಮಾತು. ಆ ದಿನಗಳಿಗೆ ಹಾಜರಿ ಪುಸ್ತಕದಲ್ಲಿ ಏನು ಬರೆಯುತ್ತಾರೆ?

ಈ ಪ್ರಶ್ನೆ ಹಳೆಯದು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಮೂರನೇ ಒಡಂಬಡಿಕೆಯೇ ಇದನ್ನು ಮುಟ್ಟಿತ್ತು. ಬಸುರು-ಬಾಣಂತನದಿಂದ ಹುಟ್ಟಿದ ಕಾಯಿಲೆ ಎಂದು ವೈದ್ಯರು ಬರೆದುಕೊಟ್ಟರೆ, ರಜೆ ಮೀರಿ ಗೈರಾದವಳನ್ನೂ ಒಂದು ಗೊತ್ತಾದ ಅವಧಿಯವರೆಗೆ ಕೆಲಸದಿಂದ ತೆಗೆಯಕೂಡದು ಎಂದಿತ್ತು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಬೊಂಬಾಯಿ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಭತ್ಯೆ ಮಸೂದೆ ಚರ್ಚೆಗೆ ಬಂದಾಗ ಅಂಬೇಡ್ಕರ್ ಅದರ ಪರ ಮಾತಾಡಿದರು. ತಾಯಿಗೆ ಹೆರಿಗೆಗೆ ಮುಂಚೆಯೂ ವಿಶ್ರಾಂತಿ ಸಿಗುವುದು ನಾಡಿನ ಹಿತ, ಅದರ ಹೊರೆ ಹೆಚ್ಚಾಗಿ ಸರ್ಕಾರದ್ದು, ಅವಳ ದುಡಿಮೆಯಿಂದ ಲಾಭ ಪಡೆವ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ಮರುವರ್ಷ ಅದು ಕಾಯ್ದೆಯಾಯಿತು. ಆಮೇಲೆ ಪ್ರಾಂತ್ಯಕ್ಕೊಂದು, ಸಂಸ್ಥಾನಕ್ಕೊಂದು ಕಾಯ್ದೆ. ಇಡೀ ದೇಶಕ್ಕೆ ಒಂದೇ ಎಂಬಂತೆ ಬಂದದ್ದು 1961ರಲ್ಲಿ.

1961ರ ಕಾಯ್ದೆಯ ಹತ್ತನೇ ಕಲಮು ಚಿಕ್ಕದು, ಓದಿದರೆ ಸಮಾಧಾನವಾಗುವಂಥದ್ದು. ಬಸುರು, ಹೆರಿಗೆ, ಅಕಾಲ ಹೆರಿಗೆ, ಗರ್ಭಪಾತದಿಂದ ಬಂದ ಕಾಯಿಲೆಗೆ ಹೆರಿಗೆ ರಜೆಯ ಜೊತೆಗೆ ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ. ಈ ತಿಂಗಳನ್ನು 26 ವಾರದಲ್ಲಿ ಕಳೆಯುವಂತಿಲ್ಲ. ಭತ್ಯೆಯ ದರ ಕಟ್ಟುವಾಗಲೂ, ರಜೆ ಹೋಗುವ ಹಿಂದಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಕೂಲಿಯನ್ನಷ್ಟೇ ಸರಾಸರಿ ಹಾಕುತ್ತಾರೆ. ಕಾಯಿಲೆಯಿಂದ ಗೈರಾದ ದಿನಗಳು ದರವನ್ನು ಇಳಿಸುವುದಿಲ್ಲ.

ಆದರೆ ಒಳಗೆ ಬರಲು ಒಂದು ಹೊಸ್ತಿಲಿದೆ. ಹೆರಿಗೆಯಾಗಬೇಕಾದ ದಿನದ ಹಿಂದಿನ 12 ತಿಂಗಳಲ್ಲಿ ಇಂತಿಷ್ಟು ದಿನ 'ನಿಜವಾಗಿ ಕೆಲಸ ಮಾಡಿರಬೇಕು'. ಮೊದಲು ಅದು 160 ದಿನವಿತ್ತು, 1988ರ ತಿದ್ದುಪಡಿ 80ಕ್ಕೆ ಇಳಿಸಿತು. ಅದರ ಕೆಳಗೆ ಒಂದು ವಿವರಣೆ ಇದೆ: ಮಾಲೀಕ ಲೇ-ಆಫ್ ಮಾಡಿದ ದಿನಗಳನ್ನೂ ಕಾನೂನಿನ ಸಂಬಳದ ರಜಾದಿನಗಳನ್ನೂ ಕೆಲಸದ ದಿನಗಳಾಗಿಯೇ ಎಣಿಸಬೇಕು. ಕಾಯಿಲೆಯಿಂದ ಮಲಗಿದ ದಿನಗಳ ಮಾತೇ ಅಲ್ಲಿಲ್ಲ. ಕಾರ್ಖಾನೆಗೆ ಕಾಯಿಲೆಯಾದರೆ ಆ ದಿನ ಲೆಕ್ಕಕ್ಕುಂಟು, ಬಸುರಿಗೆ ಕಾಯಿಲೆಯಾದರೆ ಲೆಕ್ಕಕ್ಕಿಲ್ಲ!

ಲೇ-ಆಫ್ ಎಂದರೇನೆಂದು ಶ್ರೀರಂಗಪಟ್ಟಣಕ್ಕೆ ಹೇಳಿಕೊಡಬೇಕಿಲ್ಲ. 2020ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ ಆರ್ಡರ್ ಇಲ್ಲವೆಂಬ ಕಾರಣ ಕೊಟ್ಟು, ಅಲ್ಲಿನ ಯೂರೋ ಕ್ಲೋದಿಂಗ್ ಕಂಪನಿ 1,200ಕ್ಕೂ ಹೆಚ್ಚು ಮಂದಿಯನ್ನು ಲೇ-ಆಫ್ ಮಾಡಿತು. ಅದು ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕ, ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಂ ಬಟ್ಟೆ. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಸಂಘ ಇದು ಕಾನೂನುಬಾಹಿರವೆಂದಿತು, ಹೆಂಗಸರು ವಾರಗಟ್ಟಲೆ ಕಾರ್ಖಾನೆಯಲ್ಲಿ ಧರಣಿ ಕೂತರು. ಅವರಲ್ಲಿ ಯಾರಾದರೂ ಬಸುರಿ ಇದ್ದಿದ್ದರೆ, ಮಾಲೀಕ ಲೇ-ಆಫ್ ಎಂದು ಬರೆದ ದಿನಗಳು ಅವಳ ಪರವಾಗಿ ಎಣಿಕೆಯಾಗುತ್ತಿದ್ದವು. ಅದಕ್ಕೂ ಹಿಂದಿನ ತಿಂಗಳಲ್ಲಿ ವಾಂತಿಯಿಂದ ಸಂಬಳವಿಲ್ಲದೆ ಮಲಗಿದ್ದ ದಿನಗಳು ಆಗುತ್ತಿರಲಿಲ್ಲ.

ಗಾರ್ಮೆಂಟ್ಸ್‌ನವರು ಬಹುಪಾಲು ಇಎಸ್‌ಐ ವ್ಯಾಪ್ತಿಯವರು. ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ ಹೆರಿಗೆ ಭತ್ಯೆ ಬರುವುದು ಮಾಲೀಕನಿಂದಲ್ಲ, ಇಎಸ್‌ಐಯಿಂದ. ಅಲ್ಲಿನ ಹೊಸ್ತಿಲು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ. ಲೇ-ಆಫ್ ಹಣವೂ ಅಲ್ಲಿ ಸಂಬಳವೇ, ಅದಕ್ಕೆ ವಂತಿಗೆ ಕಟ್ಟಬೇಕು. ಸಂಬಳವಿಲ್ಲದ ಕಾಯಿಲೆ ದಿನಕ್ಕೆ ವಂತಿಗೆ ಇಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ಉದ್ದೇಶದ ಎರಡು ಕಾಯ್ದೆಗಳು ಬಂದು ನಿಂತದ್ದು ಒಂದೇ ಕಡೆ.

ಹಳೆಯ ಕೆಲಸಗಾರ್ತಿಗೆ 80 ದಿನ ಒಂದು ಲೆಕ್ಕವಲ್ಲ, ಒಪ್ಪುತ್ತೇನೆ. ಪೆಟ್ಟು ಬೀಳುವುದು ಹೊಸಬಳಿಗೆ. ನಾಗಮಂಗಲ ಕಡೆಯ ಖಾಸಗಿ ಆಸ್ಪತ್ರೆಯೊಂದಕ್ಕೆ, ಇಎಸ್‌ಐ ಮಿತಿ ಮೀರಿದ ಸಂಬಳಕ್ಕೆ ಒಬ್ಬ ನರ್ಸ್ ಸೇರಿದಳೆನ್ನಿ. ಹೆರಿಗೆಗೆ ಇನ್ನು ಐದೂವರೆ ತಿಂಗಳು. ಎಂಟು ವಾರ ಮುಂಚೆ ರಜೆ ಹೋಗುವುದು ಅವಳ ಹಕ್ಕು. ಅಲ್ಲಿಗೆ ಉಳಿಯುವುದು ಮೂರೂವರೆ ತಿಂಗಳು, ತಿಂಗಳಿಗೆ 26 ದಿನದಂತೆ 91 ದಿನ. ನಡುವೆ ಬಿ.ಪಿ. ಏರಿ ಒಂದು ತಿಂಗಳು ಸಂಬಳವಿಲ್ಲದೆ ಮಲಗಿದಳು, ಉಳಿದದ್ದು 65. ಕೊರತೆ 15 ದಿನ. ಹತ್ತನೇ ಕಲಮಿನ ಕಾಯಿಲೆ ರಜೆಯೂ ಸಿಗುವಂತಿಲ್ಲ, ಅದು ಹೊಸ್ತಿಲು ದಾಟಿದವಳಿಗೆ. ಹಾಗಾಗಿ, ಯಾರಿಗೆ ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕೋ ಅವಳೇ ಎಂಟನೇ ತಿಂಗಳಲ್ಲಿ ಊದಿದ ಕಾಲಲ್ಲಿ ವಾರ್ಡಿಗೆ ಬಂದು ಆ 15 ದಿನ ತುಂಬಿಸಬೇಕು. ಹಸಿಮೈಗೆ ಗಾಳಿ ತಾಗಬಾರದೆಂದು ಬಾಣಂತಿಯನ್ನು ತಿಂಗಳುಗಟ್ಟಲೆ ಒಳಗೆ ಕೂರಿಸುವ ನಾವು, ಬಸುರಿಯ ವಿಷಯದಲ್ಲಿ ಮಾತ್ರ 'ಓಡಾಡಿಕೊಂಡಿದ್ದರೆ ಹೆರಿಗೆ ಸಲೀಸು' ಎಂದುಬಿಡುತ್ತೇವೆ. ಕಾನೂನೂ ನಮ್ಮ ಮನೆಯ ಹಿರಿಯರ ಹಾಗೇ ಯೋಚಿಸಿದಂತಿದೆ.

ಕೆಲಸ ಹೋಗುವ ಭಯ ಇನ್ನೊಂದು. ಹೇಳದೆ 10 ದಿನಕ್ಕೂ ಮೀರಿ ಗೈರಾಗುವುದು ಕೇಂದ್ರದ ಮಾದರಿ ಸ್ಥಾಯಿ ಆದೇಶಗಳಲ್ಲಿ ದುರ್ನಡತೆ. ಬಸುರಿನ ಕಾಯಿಲೆಯಿಂದ ಕೆಲಸಕ್ಕಾಗದವಳನ್ನು ಆ ಅವಧಿಯಲ್ಲಿ ವಜಾ ಮಾಡಕೂಡದು ಎನ್ನುತ್ತಿತ್ತು ಇಎಸ್‌ಐ ಕಾಯ್ದೆಯ 73ನೇ ಕಲಮು. ಹಾಸಿಗೆ ಅದೇ, ವಾಕರಿಕೆ ಅದೇ. ನಡುವೆ ಇರುವುದು ಡಾಕ್ಟರು ಬರೆದ ಒಂದು ಚೀಟಿ. ಕೆ.ಆರ್. ಪೇಟೆಯ ಒಳಹಳ್ಳಿಯಿಂದ ದಿನಾ ಬಸ್ಸು ಹತ್ತಿ ದುಡಿಯಲು ಹೋಗುವವಳು, ಏಳಲಾರದ ದಿನವೇ ಆ ಚೀಟಿಗಾಗಿ ಮತ್ತೆ ಬಸ್ಸು ಹತ್ತಬೇಕು. ತಾಯಿ ಕಾರ್ಡಿನಲ್ಲಿ ಬಿ.ಪಿ., ತೂಕ ಎಲ್ಲವೂ ಬರೆದಿರುತ್ತದೆ. ಹಾಜರಿ ಪುಸ್ತಕದವರಿಗೆ ಬೇಕಾದದ್ದು ಬೇರೆಯೇ ಕಾಗದ.

ಇಷ್ಟೂ ಹಾಜರಿ ಪುಸ್ತಕವಿದ್ದವರ ಮಾತಾಯಿತು. ಪಾಂಡವಪುರದ ಗದ್ದೆಯಲ್ಲಿ ಕಬ್ಬಿನ ಕಳೆ ತೆಗೆಯುವವಳಿಗೆ, ನಾಲ್ಕಾರು ಆಳಿನ ಆಲೆಮನೆಯಲ್ಲಿ ಸಿಪ್ಪೆ ಒಣಗಿಸುವವಳಿಗೆ 80 ದಿನದ ಹೊಸ್ತಿಲೂ ಇಲ್ಲ, ಅದರಾಚೆಯ ಮನೆಯೂ ಇಲ್ಲ. ಅವಳ ಲೆಕ್ಕ ಇವತ್ತಿಗೂ ಕನ್ನಂಬಾಡಿಯ ಗಾರೆ ಹೊತ್ತವಳದ್ದೇ.

2025ರ ನವೆಂಬರ್ 21ರಂದು 1961ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. 26 ವಾರ ಹಾಗೆಯೇ ಇದೆ, ಕಾಯಿಲೆಯ ಒಂದು ತಿಂಗಳು ಇದೆ, 80 ದಿನವೂ ಇದೆ. ಹಳೆಯ ವಿವರಣೆ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಬಂದು ಕೂತಿದೆ. ಲೇ-ಆಫ್ ದಿನಗಳನ್ನು ಎಣಿಸಬೇಕು ಎಂದಿದೆ.